ಇಂಟರ್ನ್‌ಶಿಪ್ ಏಪ್ರಿಲ್‌ಗೆ ಮುಗಿಯುತ್ತೆ, ಅಮೆರಿಕದ ರೊಟೇಶನ್ ಯಾವ ತಿಂಗಳಿಗೆ ಇಟ್ಕೊಳ್ಳಲಿ?

ಮಂಡ್ಯ_ಸಿಆರ್‌ಆರ್‌ಐ

ಸೀನಿಯರ್ಸ್‌ಗೆಲ್ಲ ನಮಸ್ಕಾರ. ಮಂಡ್ಯದ ಮಿಮ್ಸ್ ಮೆಡಿಕಲ್ ಕಾಲೇಜಿನಲ್ಲಿ ಇಂಟರ್ನ್. ಪೋಸ್ಟಿಂಗ್ ಬರೋ ಏಪ್ರಿಲ್ ಕೊನೆಗೆ ಮುಗಿಯುತ್ತೆ. ಅಮೆರಿಕದ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇಯ ಸ್ಟೆಪ್ 1 ಪಾಸ್, ಸ್ಟೆಪ್ 2 ಸಿಕೆ ಇನ್ನೂ ಬರೆದಿಲ್ಲ. ಅಲ್ಲಿನ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಗೆ (ನಮ್ಮ ಪಿಜಿ ಥರ) ಬರೋ ವರ್ಷದ ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಬೇಕು ಅಂತ ಇದೆ. ಅಮೆರಿಕದಲ್ಲಿ ಕ್ಲಿನಿಕಲ್ ಅನುಭವ ಸೊನ್ನೆ, ಅಂದ್ರೆ ಅಲ್ಲಿನ ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು ಕಲಿಯೋ ರೊಟೇಶನ್ ಒಂದೂ ಆಗಿಲ್ಲ. ವೀಸಾನೂ ಇಲ್ಲ.

ಕೇಳಬೇಕಿರೋದು ಇಷ್ಟು. ಇಂಟರ್ನ್‌ಶಿಪ್‌ನ 15 ದಿನದ ರಜೆ ಹಾಗೇ ಉಳಿದಿದೆ, ಅದರಲ್ಲಿ ಒಂದು ಅಬ್ಸರ್ವರ್‌ಶಿಪ್ (ರೋಗಿಯನ್ನ ಮುಟ್ಟದೆ ನೋಡಿ ಕಲಿಯೋ ರೊಟೇಶನ್) ಮುಗಿಸಿಬಿಡಬಹುದಾ? ಇಲ್ಲ ಎಲ್ಲ ಮುಗಿಸಿ ಮೇ ತಿಂಗಳಲ್ಲಿ ಹೊರಡೋದು ಒಳ್ಳೇದಾ? ಸ್ಟೆಪ್ 2 ಮೊದಲೋ ರೊಟೇಶನ್ ಮೊದಲೋ? ಕೆಲವರು "ಮೊದಲು ಅರ್ಜಿ ಹಾಕು, ಅಕ್ಟೋಬರ್‌ನಲ್ಲಿ ಹೋಗಿ ಮುಖ ತೋರಿಸಿ ಬಾ" ಅಂತಾರೆ. ತಲೆ ಕೆಟ್ಟುಹೋಗಿದೆ. ಮನೇಲಿ ನೀಟ್ ಪಿಜಿನೂ ಬರಿ ಅಂತಿದಾರೆ, ಅದನ್ನ ಇಲ್ಲಿ ಎಳೆಯೋದು ಬೇಡ.

ಹಿನ್ನೀರು_ಮೆಡಿಸಿನ್

ಮೊದಲು ಕ್ಯಾಲೆಂಡರ್ ತಿರುಗಿಸಿ ಹಿಡ್ಕೊಳ್ಳಿ, ಸೆಪ್ಟೆಂಬರ್ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ರೆಸಿಡೆನ್ಸಿ ಅರ್ಜಿಯ ಪೋರ್ಟಲ್ ಇರಾಸ್‌ನಲ್ಲಿ ಅರ್ಜಿ ಸಲ್ಲಿಸೋಕೆ ಸೆಪ್ಟೆಂಬರ್ ಮೊದಲ ವಾರದಲ್ಲೇ ಬಿಡ್ತಾರೆ. ಆದರೆ ಪ್ರೋಗ್ರಾಮ್‌ನವರಿಗೆ (ರೆಸಿಡೆನ್ಸಿ ನಡೆಸೋ ಆಸ್ಪತ್ರೆಯವರಿಗೆ) ಅದನ್ನ ತೆರೆದು ನೋಡೋಕೆ ಸಿಗೋದು ಕೊನೆಯ ವಾರದ ಒಂದು ಗೊತ್ತಾದ ದಿನದಿಂದ. 2023ರಲ್ಲಿ ಅದು ಸೆಪ್ಟೆಂಬರ್ 27, 2024ರಲ್ಲಿ 25, 2025ರಲ್ಲಿ 24. ಅದಕ್ಕೆ ಮುಂಚೆ ಬಂದ ಅರ್ಜಿಗಳೆಲ್ಲ ಅವತ್ತು ಒಟ್ಟಿಗೇ ತೆರೆಯುತ್ತವೆ, ಮೊದಲ ವಾರವೇ ಕಳಿಸಿದವರಿಗೆ 20ನೇ ತಾರೀಕು ಕಳಿಸಿದವರಿಗಿಂತ ಏನೂ ಲಾಭ ಇಲ್ಲ. ಆ ದಿನ ತಪ್ಪಿಸಿಕೊಂಡವರು ಮಾತ್ರ ಹಿಂದೆ ಬೀಳ್ತಾರೆ, ಯಾಕಂದ್ರೆ ಫಿಲ್ಟರ್ ಹಾಕಿ ಇಂಟರ್‌ವ್ಯೂ ಪಟ್ಟಿ ಮಾಡೋ ಕೆಲಸ ಅವತ್ತಿಂದಲೇ ಶುರು. ನಾಲೆಗೆ ನೀರು ಬಿಡೋ ದಿನಕ್ಕೆ ಒಟ್ಲು ಬೆಳೆದು ನಿಂತಿರಬೇಕು, ಅವತ್ತು ಬೀಜ ಹುಡುಕೋಕೆ ಹೋದ್ರೆ ಆಗಲ್ಲ.

ಅವತ್ತು ಫೈಲ್‌ನಲ್ಲಿ ಇರಲೇಬೇಕಾದ್ದು ಎರಡು: ಸ್ಟೆಪ್ 2 ಅಂಕ, ಅಮೆರಿಕದ ಡಾಕ್ಟರ್ ಬರೆದ ಶಿಫಾರಸು ಲೆಟರ್‌ಗಳು. ಸ್ಟೆಪ್ 1 2022ರ ಜನವರಿಯಿಂದ ಬರೀ ಪಾಸ್–ಫೇಲ್, ಹಾಗಾಗಿ ಅಂಕ ಅಂತ ಅವರು ನೋಡೋದು ಸ್ಟೆಪ್ 2 ಒಂದನ್ನೇ.

ನೀವು ರೊಟೇಶನ್ ಯಾವ ತಿಂಗಳು ಅಂತ ಕೇಳ್ತಿದ್ದೀರಿ. ಲೆಟರ್ ಯಾವ ತಿಂಗಳು ಬರುತ್ತೆ ಅಂತ ಕೇಳಿ. ಎರಡರ ನಡುವೆ ಎರಡು ವಾರದಿಂದ ಆರು ವಾರದ ತನಕ ಆರಾಮಾಗಿ ಕಳೆದುಹೋಗುತ್ತೆ. ಲೆಟರ್ ನಾವು ಕೈಯಲ್ಲಿ ತಗೊಂಡು ಅಪ್‌ಲೋಡ್ ಮಾಡೋ ಹಾಗಿಲ್ಲ. ಇಸಿಎಫ್‌ಎಂಜಿಯಿಂದ (ಹೊರದೇಶದಲ್ಲಿ ಓದಿದ ಡಾಕ್ಟರ್‌ಗಳಿಗೆ ಪ್ರಮಾಣಪತ್ರ ಕೊಡೋ ಅಮೆರಿಕದ ಸಂಸ್ಥೆ) ಟೋಕನ್ ಅನ್ನೋ ಕೋಡ್ ತಗೊಂಡು ಮೈಇರಾಸ್‌ನಲ್ಲಿ ಖಾತೆ ತೆರೆಯಬೇಕು, ಬರೆಯೋ ಡಾಕ್ಟರ ಹೆಸರು ಸೇರಿಸಬೇಕು, ಆಗ ಒಂದು ಲೆಟರ್ ಐಡಿ ಇರೋ ಫಾರ್ಮ್ ಬರುತ್ತೆ. ಅದನ್ನ ಅವರಿಗೆ ಕಳಿಸಿದ ಮೇಲೆ ಅವರೋ ಅವರ ಸೆಕ್ರೆಟರಿಯೋ ಪೋರ್ಟಲ್‌ಗೆ ಏರಿಸ್ತಾರೆ. ಒಂದು ಪ್ರೋಗ್ರಾಮ್‌ಗೆ ಗರಿಷ್ಠ 4 ಲೆಟರ್.

ತೊಡಕು ಇಲ್ಲೇ ಇದೆ. ಹೊಸ ಸೀಸನ್ನಿನ ಟೋಕನ್ ಬರೋದು ಜೂನ್ ಹೊತ್ತಿಗೆ. ಮೇ ತಿಂಗಳಲ್ಲಿ ರೊಟೇಶನ್ ಮಾಡಿದ್ರೆ ಕೊನೆ ದಿನ ಕೊಡೋಕೆ ನಿಮ್ಮ ಹತ್ರ ಲೆಟರ್ ಐಡಿನೇ ಇರಲ್ಲ. "ಆಮೇಲೆ ಕಳಿಸ್ತೀನಿ ಸರ್" ಅಂತ ಬಂದು ಜುಲೈ ಮಧ್ಯದಲ್ಲಿ ಮೇಲ್ ಹಾಕಿದ್ರೆ ಅವರಿಗೆ ನಿಮ್ಮ ಮುಖವೇ ಮರೆತಿರುತ್ತೆ, ಲೆಟರ್ ನಾಲ್ಕು ಸಾಲಿಗೆ ಇಳಿಯುತ್ತೆ. ಅದಕ್ಕೆ ಮೂರನೇ ವಾರದಲ್ಲೇ ಬಾಯಿಬಿಟ್ಟು ಕೇಳಿ, ಕೊನೆ ದಿನ ಸಿವಿ ಜೊತೆಗೆ ಒಂದು ಪುಟ ಕೊಡಿ. ಯಾವ ಕೇಸ್ ಪ್ರೆಸೆಂಟ್ ಮಾಡಿದ್ರಿ, ಯಾವ ವಿಷಯ ಓದಿ ಬಂದು ಹೇಳಿದ್ರಿ, ಅವರು ಏನು ತಿದ್ದಿದ್ರು ಅಷ್ಟು ಸಾಕು, ರೋಗಿಯ ಹೆಸರು–ನಂಬರ್ ಏನೂ ಬೇಡ. ಈಗಲೇ ಬರೆದಿಟ್ಟುಕೊಳ್ಳಿ ಅಂತ ವಿನಂತಿ ಮಾಡಿ, ಟೋಕನ್ ಬಂದ ವಾರವೇ ಫಾರ್ಮ್ ಕಳಿಸಿ.

ತಿಂಗಳುಗಳ ವಿಷಯ: ನಿಮಗೆ ಮೇ ಮಧ್ಯದಿಂದ ಜುಲೈ ಮಧ್ಯ, ನಾಲ್ಕು ನಾಲ್ಕು ವಾರದ ಎರಡು ರೊಟೇಶನ್. ಸಾಧ್ಯ ಆದ್ರೆ ಆಸ್ಪತ್ರೆ ವಾರ್ಡಿನ ರೊಟೇಶನ್ ಜೂನ್‌ನಲ್ಲೇ ಮುಗಿಯೋ ಹಾಗೆ ಇಟ್ಟು ಜುಲೈಗೆ ಹೊರರೋಗಿ ಕ್ಲಿನಿಕ್ ಇಡಿ. ಅಲ್ಲಿ ರೆಸಿಡೆನ್ಸಿ ವರ್ಷ ಶುರುವಾಗೋದು ಜುಲೈ 1ಕ್ಕೆ. ಹೊಸ ಇಂಟರ್ನ್‌ಗಳಿಗೆ ಆರ್ಡರ್ ಹಾಕೋದು ಎಲ್ಲಿ ಅಂತ ತೋರಿಸೋದರಲ್ಲೇ ಎಲ್ಲರ ಮೊದಲ ಎರಡು ವಾರ ಹೋಗುತ್ತೆ, ರೌಂಡ್ಸ್‌ನಲ್ಲಿ ಹಿಂದೆ ನಿಂತಿರೋ ಅಬ್ಸರ್ವರ್ ಕಡೆ ಯಾರೂ ತಿರುಗಲ್ಲ. ಕ್ಲಿನಿಕ್‌ಗೆ ಈ ಗಲಾಟೆ ಇಲ್ಲ. ಆಗಸ್ಟ್ ರೊಟೇಶನ್‌ನಿಂದಲೂ ಲೆಟರ್ ಬರಬಹುದು, ಬರೋ ತನಕ ನಿದ್ದೆ ಬರಲ್ಲ ಅಷ್ಟೆ.

ಸ್ಟೆಪ್ 2 ಮೊದಲು, ಇದರಲ್ಲಿ ಎರಡು ಮಾತಿಲ್ಲ. ಮಾರ್ಚ್–ಏಪ್ರಿಲ್‌ನಲ್ಲಿ ಬರೆಯಿರಿ. ಕಮ್ಯುನಿಟಿ ಮೆಡಿಸಿನ್ ಪೋಸ್ಟಿಂಗ್ ಇನ್ನೂ ಬಾಕಿ ಇದ್ದರೆ ಓದೋಕೆ ಅದಕ್ಕಿಂತ ಒಳ್ಳೆ ಕಾಲ ಸಿಗಲ್ಲ, ಒಬಿಜಿ (ಹೆರಿಗೆ ವಿಭಾಗ) ನೈಟ್ ಡ್ಯೂಟಿ ಮಧ್ಯೆ ಕ್ಯೂಬ್ಯಾಂಕ್ (ಅಭ್ಯಾಸದ ಪ್ರಶ್ನೆಗಳ ಸಂಗ್ರಹ) ಮುಗಿಸ್ತೀನಿ ಅನ್ನೋದು ಆಗೋ ಮಾತಲ್ಲ. ರಿಸಲ್ಟ್‌ಗೆ ಸಾಮಾನ್ಯವಾಗಿ ಮೂರು–ನಾಲ್ಕು ವಾರ. ಆಗಸ್ಟ್‌ಗೆ ತಳ್ಳಿದ್ರೆ ಅಂಕ ಬರೋದು ಸೆಪ್ಟೆಂಬರ್‌ಗೆ, ಒಂದು ವಾರ ಆಚೀಚೆ ಆದರೂ ಆ ದಿನಕ್ಕೆ ಫೈಲ್ ಖಾಲಿ. ಪಾಸ್ ಆಗೋಕೆ ಬೇಕಾದ ಅಂಕ 2025ರ ಜುಲೈನಿಂದ 214ರ ಬದಲು 218 ಆಗಿದೆ. ರೊಟೇಶನ್ ನಡುವೆ ಪರೀಕ್ಷೆ ಇಟ್ಟುಕೊಂಡವರಿಗೆ ಎರಡೂ ಅರ್ಧಂಬರ್ಧ ಆಗುತ್ತೆ. ಓದಿ ಮುಗಿಸಿ ಹೋದವರ ಕೇಸ್ ಪ್ರೆಸೆಂಟೇಶನ್ನೇ ಬೇರೆ ಥರ ಇರುತ್ತೆ, ಆ ವ್ಯತ್ಯಾಸ ಲೆಟರ್‌ನಲ್ಲಿ ಎದ್ದು ಕಾಣುತ್ತೆ.

ಪರೀಕ್ಷೆ ನಡೆಸೋ ಪ್ರೋಮೆಟ್ರಿಕ್ ಸೆಂಟರ್‌ಗೆ ಬೆಂಗಳೂರಿಗೇ ಹೋಗಬೇಕು. ಒಟ್ಟು 9 ಗಂಟೆ ಕೂರೋ ಪರೀಕ್ಷೆ. ಎಕ್ಸ್‌ಪ್ರೆಸ್‌ವೇ ಇದೆ ಅಂತ ಬೆಳಿಗ್ಗೆ ನಾಲ್ಕಕ್ಕೆ ಮಂಡ್ಯ ಬಿಡೋ ಪ್ಲಾನ್ ಬೇಡ, ಕೆಂಗೇರಿ ದಾಟಿದ ಮೇಲಿನ ಕಥೆ ಎಲ್ಲರಿಗೂ ಗೊತ್ತು. ಹಿಂದಿನ ರಾತ್ರಿಯೇ ಸೆಂಟರ್ ಹತ್ರ ಉಳಿದುಬಿಡಿ.

15 ದಿನದ ರಜೆಯಲ್ಲಿ ಹೋಗೋದು ದುಡ್ಡು ದಂಡ. ಎರಡೂ ಕಡೆ ಪ್ರಯಾಣ, ಜೆಟ್ ಲ್ಯಾಗ್ ಕಳೆದ್ರೆ ಆಸ್ಪತ್ರೆಯಲ್ಲಿ ಸಿಗೋದು ಏಳೆಂಟು ದಿನ. ಅಷ್ಟರಲ್ಲಿ ಬರೋ ಲೆಟರ್ "ಸಮಯಕ್ಕೆ ಸರಿಯಾಗಿ ಬರುತ್ತಿದ್ದರು, ವಿನಯವಂತರು" ಅನ್ನೋ ಥರದ್ದು. ಪ್ರೋಗ್ರಾಮ್ ಡೈರೆಕ್ಟರ್‌ಗೆ ಅದರಿಂದ ಏನೂ ಗೊತ್ತಾಗಲ್ಲ.

ಚಾಮುಂಡಿ_ತಪ್ಪಲು

ಮೇಲಿನ ಲೆಕ್ಕ ಸರಿ ಇದೆ. ಆದರೆ ಮೇ ತಿಂಗಳ ರೊಟೇಶನ್ ಕೈತಪ್ಪೋದು ಅದಕ್ಕೆ ಆರು ತಿಂಗಳ ಮೊದಲು, ಲಸಿಕೆ ಕಾಗದದಲ್ಲಿ. ಈ ವಿಷಯ ಯಾರೂ ಸರಿಯಾಗಿ ಬರೆಯಲ್ಲ, ಅದಕ್ಕೆ ಉದ್ದ ಬರೀತಿದೀನಿ.

ಅಲ್ಲಿನ ಆಸ್ಪತ್ರೆಗಳು ಚಿಕ್ಕಂದಿನ ಲಸಿಕೆ ಕಾರ್ಡನ್ನ ನಂಬಿ ಕೂರಲ್ಲ, ಟೈಟರ್ (ರಕ್ತದಲ್ಲಿ ಆಂಟಿಬಾಡಿ ಎಷ್ಟಿದೆ ಅಂತ ಅಳೆಯೋ ಪರೀಕ್ಷೆ) ಕೇಳ್ತಾರೆ. ಮೀಸಲ್ಸ್, ಮಂಪ್ಸ್, ರುಬೆಲ್ಲಾ, ವೇರಿಸೆಲ್ಲಾ ನಾಲ್ಕಕ್ಕೂ ಐಜಿಜಿ ಆಂಟಿಬಾಡಿ. ಹೆಪಟೈಟಿಸ್ ಬಿಗೆ ಸರ್ಫೇಸ್ ಆಂಟಿಬಾಡಿ, ಅದೂ ಅಂಕಿಯಲ್ಲಿ. ಬರೀ "ರಿಯಾಕ್ಟಿವ್" ಅಂತ ಬರೆದ ರಿಪೋರ್ಟ್ ವಾಪಸ್ ಬರುತ್ತೆ. ಲ್ಯಾಬ್‌ನಲ್ಲಿ ಬ್ಲಡ್ ಕೊಡೋವಾಗಲೇ ಕ್ವಾಂಟಿಟೇಟಿವ್ ಬೇಕು ಅಂತ ಚೀಟಿಯಲ್ಲಿ ಬರೆಸಿ. ಮಿಲಿಲೀಟರ್‌ಗೆ 10 ಎಂಐಯು ಅಥವಾ ಮೇಲೆ ಇದ್ದರೆ ಸರಿ.

ಕಡಿಮೆ ಬಂದರೆ ಕಾಲ ಎಷ್ಟು ಹಿಡಿಯುತ್ತೆ ನೋಡಿ. ಹೆಪಟೈಟಿಸ್ ಬಿ ಪೂರ್ತಿ ಕೋರ್ಸ್ ಅಂದ್ರೆ 0, 1, 6 ತಿಂಗಳು, ಕೊನೆ ಡೋಸ್ ಆದ ಒಂದೆರಡು ತಿಂಗಳಿಗೆ ಮತ್ತೆ ಟೈಟರ್. ಮೊದಲೇ ಮೂರು ಡೋಸ್ ಆದವರು ಒಂದು ಬೂಸ್ಟರ್ ಹಾಕಿಸಿ ಒಂದೆರಡು ತಿಂಗಳಿಗೆ ನೋಡೋದು ವಾಡಿಕೆ, ಹೆಚ್ಚಿನವರಿಗೆ ಅಷ್ಟಕ್ಕೇ ಏರುತ್ತೆ. ಎಂಎಂಆರ್ (ಮೀಸಲ್ಸ್–ಮಂಪ್ಸ್–ರುಬೆಲ್ಲಾ ಲಸಿಕೆ) ಎರಡು ಡೋಸ್ ನಡುವೆ 28 ದಿನ, ವೇರಿಸೆಲ್ಲಾ ಎರಡು ಡೋಸ್ ನಡುವೆಯೂ ನಾಲ್ಕು ವಾರ. ಇವೆರಡೂ ಲೈವ್ ಲಸಿಕೆ, ಒಂದೇ ದಿನ ಎರಡು ಕೈಗೆ ಹಾಕಿಸಿ, ಇಲ್ಲದಿದ್ರೆ ನಡುವೆ 28 ದಿನ ಬಿಡಿ.

ಟಿಬಿ ಟೆಸ್ಟ್‌ನಲ್ಲಿ ಎಡವೋರು ಜಾಸ್ತಿ. ನಮಗೆಲ್ಲ ಬಿಸಿಜಿ ಆಗಿರೋದರಿಂದ ಮಾಂಟೂ ಚರ್ಮಪರೀಕ್ಷೆ ನಂಬೋ ಹಾಗಿಲ್ಲ, ಇಗ್ರಾ ರಕ್ತಪರೀಕ್ಷೆ ಮಾಡಿಸಿ, ಬಿಸಿಜಿಯಿಂದ ಅದಕ್ಕೆ ಬಾಧೆ ಇಲ್ಲ. ಆದರೆ ಎಂಎಂಆರ್ ಹಾಕಿಸಿದ ಮಾರನೇ ವಾರ ಇಗ್ರಾ ಕೊಟ್ರೆ ಫಲಿತಾಂಶ ತಪ್ಪು ನೆಗೆಟಿವ್ ಬರೋ ಸಾಧ್ಯತೆ ಇದೆ. ಲಸಿಕೆಗೆ ಮೊದಲು ಅಥವಾ ಅದೇ ದಿನ ರಕ್ತ ಕೊಡಿ, ತಪ್ಪಿದ್ರೆ 4ರಿಂದ 6 ವಾರ ಕಾಯಿರಿ. ವಾರ್ಡಿನಲ್ಲಿ ಓಡಾಡಿದ ನಮ್ಮ ಕಡೆ ಇಂಟರ್ನ್‌ಗಳಿಗೆ ಇಗ್ರಾ ಪಾಸಿಟಿವ್ ಬರೋದು ಅಪರೂಪ ಏನಲ್ಲ, ಹೆದರಬೇಡಿ. ಎದೆ ಎಕ್ಸ್‌ರೇ ಮತ್ತು ರೋಗಲಕ್ಷಣ ಇಲ್ಲ ಅನ್ನೋ ಫಾರ್ಮ್ ಕೇಳ್ತಾರೆ.

ಕ್ಯಾಶುಯಲ್ಟಿಯಲ್ಲಿ ಹಾಕಿಸಿಕೊಂಡ ಟಿಟಿ ಲೆಕ್ಕಕ್ಕಿಲ್ಲ. ಅವರಿಗೆ ಬೇಕಿರೋದು ಟಿಡ್ಯಾಪ್, ಪರ್ಟುಸಿಸ್ ಸೇರಿದ್ದು, 10 ವರ್ಷದ ಒಳಗಿನದು. ಅಕ್ಟೋಬರ್‌ನಿಂದ ಮಾರ್ಚ್ ನಡುವೆ ಹೋಗೋರಿಗೆ ಫ್ಲೂ ಲಸಿಕೆಯೂ ಸೇರುತ್ತೆ. ಎಎಚ್‌ಎ ಬಿಎಲ್‌ಎಸ್–ಎಸಿಎಲ್‌ಎಸ್ (ಹೃದಯ ನಿಂತಾಗಿನ ತುರ್ತು ಚಿಕಿತ್ಸೆಯ ತರಬೇತಿ) ಕಾರ್ಡಿಗೆ ಎರಡು ವರ್ಷ ಆಯಸ್ಸು, ಇಂಟರ್ನ್‌ಶಿಪ್‌ನಲ್ಲೇ ಮುಗಿಸಿ.

ಇನ್ನೊಂದು, ಹೆಸರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರು–ಅಪ್ಪನ ಹೆಸರಿನ ಇನಿಶಿಯಲ್ ಇರುತ್ತೆ, ಪಾಸ್‌ಪೋರ್ಟ್‌ನಲ್ಲಿ ಅದನ್ನೇ ಬಿಡಿಸಿ ಬರೆದಿರ್ತಾರೆ, ಡಿಗ್ರಿ ಸರ್ಟಿಫಿಕೇಟ್‌ನಲ್ಲಿ ಮತ್ತೆ ಇನಿಶಿಯಲ್. ಲ್ಯಾಬ್ ರಿಪೋರ್ಟ್ ಎಲ್ಲ ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಮಾಡಿಸಿ. ಇಸಿಎಫ್‌ಎಂಜಿ ದಾಖಲೆಯ ಹೆಸರಿಗೂ ಡಿಗ್ರಿಯ ಹೆಸರಿಗೂ ತಾಳೆ ಆಗದಿದ್ರೆ ಅದಕ್ಕೆ ಬೇರೆ ದಾಖಲೆ ಕೇಳ್ತಾರೆ, ಅದು ಸೆಪ್ಟೆಂಬರ್‌ನಲ್ಲಿ ಮೈಮೇಲೆ ಬೀಳಬಾರದು.

ಲಷ್ಕರ್_ಮೊಹಲ್ಲಾ

ವೀಸಾ ಮತ್ತು ಇಲ್ಲಿನ ಕಾಗದಪತ್ರದ ಬಗ್ಗೆ ಸ್ವಲ್ಪ.

ಅಬ್ಸರ್ವರ್‌ಶಿಪ್‌ಗೆ ಹೋಗೋದು ಬಿ1/ಬಿ2 ಭೇಟಿ ವೀಸಾ ಮೇಲೆ. ಬೆಂಗಳೂರಿನ ಅಮೆರಿಕನ್ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆ ಆದಾಗ ವೀಸಾ ಸೇವೆ ಜೊತೆಗೇ ಶುರು ಆಗಲಿಲ್ಲ. ನಮ್ಮ ಕಡೆಯವರು ಮಾಮೂಲಾಗಿ ಚೆನ್ನೈ ಅಥವಾ ಹೈದರಾಬಾದ್ ಹಿಡೀತಾರೆ. ಎರಡು ಭೇಟಿ, ಮೊದಲು ಬೆರಳಚ್ಚು–ಫೋಟೋ, ಆಮೇಲೆ ಸಂದರ್ಶನ. ಸಂದರ್ಶನದ ಸ್ಲಾಟ್‌ಗೆ ತಿಂಗಳುಗಟ್ಟಲೆ ಕಾಯೋ ಪರಿಸ್ಥಿತಿ ಇರೋದರಿಂದ ಆಸ್ಪತ್ರೆ ಪತ್ರ ಬಂದ ಮೇಲೆ ವೀಸಾ ಅರ್ಜಿ ಡಿಎಸ್–160 ತುಂಬ್ತೀನಿ ಅಂತ ಕೂರಬೇಡಿ. ಈಗಲೇ ತುಂಬಿ, ಶುಲ್ಕ ಕಟ್ಟಿ ಸ್ಲಾಟ್ ಹಿಡಿಯಿರಿ, ಸಂದರ್ಶನದ ದಿನಕ್ಕೆ ಪತ್ರ ಕೈಯಲ್ಲಿರಲಿ. ಪತ್ರದಲ್ಲಿ ತಾರೀಕು, ವಿಭಾಗ, ಸಂಬಳ ಇಲ್ಲ, ರೋಗಿಯನ್ನ ಮುಟ್ಟಿ ಚಿಕಿತ್ಸೆ ಕೊಡೋ ಕೆಲಸ ಇಲ್ಲ ಅನ್ನೋದು ಸ್ಪಷ್ಟ ಇರಬೇಕು. ಕೌಂಟರ್‌ನಲ್ಲಿ ನಯಾಗರಾ ನೋಡೋಕೆ ಅಂತ ಸುಳ್ಳು ಹೇಳಬೇಡಿ, ಮುಂದೆ ರೆಸಿಡೆನ್ಸಿಯ ಜೆ1 ವೀಸಾಗೂ ಇದೇ ಅರ್ಜಿಯ ಇತಿಹಾಸ ಕಾಣುತ್ತೆ.

ಏಜೆನ್ಸಿಗಳು "ಹ್ಯಾಂಡ್ಸ್ ಆನ್ ಎಕ್ಸ್‌ಟರ್ನ್‌ಶಿಪ್" (ರೋಗಿಯನ್ನ ಮುಟ್ಟಿ ಮಾಡೋ ರೊಟೇಶನ್) ಅಂತ ಮಾರೋದು ನೋಡಿ ಮರುಳಾಗಬೇಡಿ. ಕಾಲೇಜಲ್ಲಿ ಇನ್ನೂ ವಿದ್ಯಾರ್ಥಿ ಆಗಿರೋರು ಅಮೆರಿಕದ ಮೆಡಿಕಲ್ ಕಾಲೇಜಿನ ಎಲೆಕ್ಟಿವ್ (ವಿದ್ಯಾರ್ಥಿಯಾಗಿ ಮಾಡೋ ರೊಟೇಶನ್) ಅನ್ನ ಬಿ1 ಮೇಲೆ ಮಾಡೋದಕ್ಕೆ ನಿಯಮದಲ್ಲೇ ಅವಕಾಶ ಇದೆ. ಎಂಬಿಬಿಎಸ್ ಮುಗಿದವರಿಗೆ ಆ ಬಾಗಿಲು ಮುಚ್ಚಿದ ಹಾಗೇ. ಇಂಟರ್ನ್ ವಿದ್ಯಾರ್ಥಿಯೋ ಪದವೀಧರನೋ ಅಂತ ಒಂದೊಂದು ಕಾಲೇಜು ಒಂದೊಂದು ಥರ ನೋಡುತ್ತೆ, ಮೇಲ್ ಹಾಕಿ ಲಿಖಿತವಾಗಿ ತಿಳ್ಕೊಳ್ಳಿ. ಇದನ್ನ ಓದ್ತಿರೋ ಫೈನಲ್ ಇಯರ್‌ನವರು ಇದ್ದರೆ ಕೇಳಿ: ನಿಮಗೆ ಎಲೆಕ್ಟಿವ್ ಸಿಗೋ ಕಾಲ ಇದೇ, ಒಂದು ವರ್ಷ ಮೊದಲೇ ಅರ್ಜಿ ಹಾಕಬೇಕು, ಡೀನ್ ಆಫೀಸಿನ ಸಹಿ ಬೇಕು.

ರಜೆ ವಿಷಯ. ಇಂಟರ್ನ್‌ಶಿಪ್ 12 ತಿಂಗಳು, ರಜೆ 15 ದಿನ, ಮೀರಿದ್ರೆ ಎಕ್ಸ್‌ಟೆನ್ಶನ್. ಎಕ್ಸ್‌ಟೆನ್ಶನ್ ಬಿದ್ದರೆ ಕಂಪ್ಲೀಷನ್ ಸರ್ಟಿಫಿಕೇಟ್ ಹಿಂದೆ ಬೀಳುತ್ತೆ, ಅದರ ಹಿಂದೆ ಕೆಎಂಸಿ (ಕರ್ನಾಟಕ ವೈದ್ಯಕೀಯ ಪರಿಷತ್ತು) ಕಾಯಂ ನೋಂದಣಿ, ಅದರ ಹಿಂದೆ ರಾಜೀವ್ ಗಾಂಧಿ ವಿವಿಯ ಡಿಗ್ರಿ. ಇಸಿಎಫ್‌ಎಂಜಿ ಪ್ರಮಾಣಪತ್ರಕ್ಕೆ ಅಂತಿಮ ಡಿಗ್ರಿ ಸರ್ಟಿಫಿಕೇಟೇ ಬೇಕು, ಪ್ರೊವಿಶನಲ್ ನಡೆಯಲ್ಲ, ಅದನ್ನ ಕಾಲೇಜಿನ ಮೂಲಕವೇ ನೇರ ಪರಿಶೀಲನೆ ಮಾಡಿಸ್ತಾರೆ. ಘಟಿಕೋತ್ಸವಕ್ಕೆ ಅರ್ಜಿ ಕರೆದ ದಿನವೇ ಹಾಕಿ. ಅಮೆರಿಕಕ್ಕೆ ಹೊರಡೋ ಮುಂಚೆ ಕಾಲೇಜಿನಲ್ಲಿ ಆ ಪರಿಶೀಲನೆಗೆ ಉತ್ತರ ಕೊಡೋ ಗುಮಾಸ್ತರು ಯಾರು ಅಂತ ಕೇಳಿಟ್ಟುಕೊಳ್ಳಿ, ನೀವು ಚಿಕಾಗೋದಲ್ಲಿ ಕೂತು ಮಂಡ್ಯಕ್ಕೆ ಫೋನ್ ಮಾಡಿದ್ರೆ ಫೈಲ್ ಅಲ್ಲಾಡಲ್ಲ. ಸರ್ಕಾರಿ ಸೀಟ್ ಆಗಿದ್ದರೆ ಗ್ರಾಮೀಣ ಸೇವೆಯ ಬಾಂಡ್ ಈಗ ಯಾವ ಸ್ಥಿತಿಯಲ್ಲಿದೆ ಅಂತಲೂ ಕಾಲೇಜಿನಲ್ಲಿ ಲಿಖಿತ ತಗೊಳ್ಳಿ. 2012ರ ಕಾಯ್ದೆ ಆಮೇಲೆ ತಿದ್ದುಪಡಿ ಆಗಿದೆ, ವಾಟ್ಸಾಪ್ ಗ್ರೂಪಿನ ಮಾತು ನಂಬಬೇಡಿ.

ಓಇಟಿ ಮೆಡಿಸಿನ್ (ಡಾಕ್ಟರ್‌ಗಳ ಇಂಗ್ಲಿಷ್ ಪರೀಕ್ಷೆ) ಮತ್ತು ಪಾಥ್‌ವೇ (ಇಸಿಎಫ್‌ಎಂಜಿಗೆ ಕ್ಲಿನಿಕಲ್ ಕೌಶಲ ತೋರಿಸೋ ದಾರಿ) ಅರ್ಜಿ ಮರೆಯೋರು ಇದಾರೆ. ಪಾಥ್‌ವೇಗೆ ಸಾಮಾನ್ಯವಾಗಿ ಜನವರಿ 31ರ ಗಡುವು. ರ‍್ಯಾಂಕ್ ಪಟ್ಟಿ (ಅರ್ಜಿದಾರರು, ಪ್ರೋಗ್ರಾಮ್‌ಗಳು ತಮ್ಮ ಆಯ್ಕೆ ಕ್ರಮವಾಗಿ ಹಾಕೋದು) ಮಾರ್ಚ್ ಮೊದಲಲ್ಲಿ ಮುಚ್ಚೋ ಹೊತ್ತಿಗೆ ಎಲ್ಲ ಪರೀಕ್ಷೆ ಪೂರ್ತಿ ಆಗಿರಲೇಬೇಕು, ಇಲ್ಲದಿದ್ರೆ ಎಷ್ಟು ಇಂಟರ್‌ವ್ಯೂ ಬಂದಿದ್ರೂ ಮ್ಯಾಚ್ ಅನ್ನೋ ಸೀಟು ಹಂಚಿಕೆಯಿಂದ ಹೆಸರು ತೆಗೀತಾರೆ.

ಕುಕ್ಕರಹಳ್ಳಿ_ವಾಕರ್

ಹಿನ್ನೀರು ಅವರು ಅಕ್ಟೋಬರ್ ಪ್ರಶ್ನೆಗೆ ಉತ್ತರವನ್ನೇ ಕೊಟ್ಟಿಲ್ಲ. "ಮುಖ ತೋರಿಸಿ ಬಾ" ಅಂದವರು ಪೂರ್ತಿ ತಪ್ಪೇನಲ್ಲ, ಆದರೆ ಅದು ಮೊದಲ ರೊಟೇಶನ್ ಆಗಬಾರದು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೆಟರ್ ಇಲ್ಲದೆ ಅರ್ಜಿ ಹೋದ್ರೆ ಹೆಚ್ಚಿನ ಕಡೆ ಮೊದಲ ಜರಡಿಯಲ್ಲೇ ಉದುರುತ್ತೆ. ಅಕ್ಟೋಬರ್ ಕೊನೆಗೆ ಬಂದ ಲೆಟರ್ ಸೇರಿಸೋಕೆ ಇರಾಸ್‌ನಲ್ಲಿ ಅವಕಾಶ ಇದೆ, ಅರ್ಜಿ ಸಲ್ಲಿಸಿದ ಮೇಲೂ ಲೆಟರ್ ನಿಗದಿ ಮಾಡಬಹುದು. ಆದರೆ ಒಮ್ಮೆ ಪಕ್ಕಕ್ಕಿಟ್ಟ ಫೈಲ್ ಯಾರಾದರೂ ಮತ್ತೆ ತೆರೆದು ನೋಡ್ತಾರೆ ಅಂತ ಲೆಕ್ಕ ಹಾಕಬೇಡಿ.

ಎರಡು ಲೆಟರ್ ಕೈಯಲ್ಲಿದ್ದು, ಅಕ್ಟೋಬರ್–ನವೆಂಬರ್‌ನಲ್ಲಿ ಸ್ವಂತ ರೆಸಿಡೆನ್ಸಿ ಇರೋ ಆಸ್ಪತ್ರೆಯಲ್ಲಿ ಮೂರನೇ ರೊಟೇಶನ್ ಸಿಕ್ಕರೆ ಹೋಗಿ. 2020ರ ಸೀಸನ್ನಿನಿಂದ ಇಂಟರ್‌ವ್ಯೂಗಳು ಬಹುತೇಕ ಆನ್‌ಲೈನ್. ಪರದೆ ಮೇಲೆ ಇಪ್ಪತ್ತು ನಿಮಿಷ ನೋಡಿದವರ ನಡುವೆ ನಾಲ್ಕು ವಾರ ರೌಂಡ್ಸ್‌ನಲ್ಲಿ ಕಂಡವರಿಗೆ ತೂಕ ಜಾಸ್ತಿ. ಇಲ್ಲಿ ಕೆಟ್ಟು ಹೋಗೋ ಅಪಾಯವೂ ಅಷ್ಟೇ ಇದೆ, ತಡವಾಗಿ ಬಂದು ಮೊಬೈಲ್ ನೋಡ್ತಾ ನಿಂತವರನ್ನೂ ಅವರು ಮರೆಯಲ್ಲ.

ಮೇ–ಜುಲೈನ ಎರಡರಲ್ಲಿ ಒಂದಾದರೂ ರೆಸಿಡೆನ್ಸಿ ಇರೋ ಆಸ್ಪತ್ರೆಯದ್ದಾಗಿರಲಿ. ಎರಡೂ ಖಾಸಗಿ ಕ್ಲಿನಿಕ್ ಆದ್ರೆ ಲೆಟರ್‌ನಲ್ಲಿ "ನಮ್ಮ ರೆಸಿಡೆಂಟ್‌ಗಳ ಜೊತೆ ಹೋಲಿಸಿದರೆ" ಅನ್ನೋ ವಾಕ್ಯ ಬರೋಕೇ ಸಾಧ್ಯ ಇಲ್ಲ, ಓದೋರು ಹುಡುಕೋದು ಆ ವಾಕ್ಯವನ್ನೇ. ಇಂಟರ್ನಲ್ ಮೆಡಿಸಿನ್‌ಗೆ 2024–25ರ ಸೀಸನ್ನಿನಲ್ಲಿ 3 ಚಿನ್ನದ, 12 ಬೆಳ್ಳಿಯ ಸಿಗ್ನಲ್ (ನಿಮ್ಮಲ್ಲಿ ಹೆಚ್ಚು ಆಸಕ್ತಿ ಇದೆ ಅಂತ ಪ್ರೋಗ್ರಾಮ್‌ಗೆ ತಿಳಿಸೋ ಗುರುತು) ಕೊಟ್ಟಿದ್ರು. ನೀವು ರೊಟೇಶನ್ ಮಾಡಿದ ಜಾಗಕ್ಕೂ ಒಂದು ಸಿಗ್ನಲ್ ಇಡಿ, "ನಮ್ಮನ್ನ ಹೇಗೂ ಬಲ್ಲರು" ಅಂತ ಬಿಡಬೇಡಿ.

ಮಂಡ್ಯ_ಸಿಆರ್‌ಆರ್‌ಐ

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹಾಗಾದ್ರೆ ಈ ವಾರ ಟೈಟರ್ ಮತ್ತು ಇಗ್ರಾ, ಜೊತೆಗೆ ಡಿಎಸ್–160. ಏಪ್ರಿಲ್‌ನಲ್ಲಿ ಸ್ಟೆಪ್ 2. ಮೇ ಮಧ್ಯಕ್ಕೆ ಪ್ರಯಾಣ. ಕಮ್ಯುನಿಟಿ ಮೆಡಿಸಿನ್ ನನಗೆ ಫೆಬ್ರವರಿಯಿಂದ ಇದೆ, ಅದು ಅದೃಷ್ಟ.

ಒಂದೇ ಅನುಮಾನ ಉಳಿದಿದೆ. ವಾರ್ಡಿನಲ್ಲಿ ಅಟೆಂಡಿಂಗ್ (ಹೊಣೆ ಹೊತ್ತ ಸೀನಿಯರ್ ಡಾಕ್ಟರ್) ಎರಡು ವಾರಕ್ಕೊಮ್ಮೆ ಬದಲಾಗ್ತಾರಂತೆ. ನಾಲ್ಕು ವಾರದ ರೊಟೇಶನ್ನಿಗೆ ಲೆಟರ್ ಕೇಳೋದು ಯಾರನ್ನ? ನಮ್ಮ ಯೂನಿಟ್ ಚೀಫ್ ಸರ್ ಲೆಟರ್ ಸೇರಿಸಿದ್ರೆ ನಡೆಯುತ್ತಾ?

ಹಿನ್ನೀರು_ಮೆಡಿಸಿನ್

ಕೆಲವು ಕಡೆ ಒಂದು ವಾರಕ್ಕೇ ಬದಲಾಗ್ತಾರೆ. ಹೋಗೋ ಮೊದಲೇ ಕೋಆರ್ಡಿನೇಟರ್‌ಗೆ ಮೇಲ್ ಹಾಕಿ ಆ ತಿಂಗಳ ಅಟೆಂಡಿಂಗ್ ವೇಳಾಪಟ್ಟಿ ಕೇಳಿ, ಒಬ್ಬರೇ ಎರಡು ವಾರ ಇರೋ ಹಾಗೆ ನಿಮ್ಮ ಶುರುವಿನ ದಿನ ಹೊಂದಿಸಿ. ಅವರ ಅವಧಿಯ ಮಧ್ಯದಲ್ಲಿ, ಅಂದ್ರೆ ಮೊದಲ ವಾರದ ಶುಕ್ರವಾರ, ಲೆಟರ್ ಕೇಳಬೇಡಿ, "ಏನು ತಿದ್ದಿಕೊಳ್ಳಬೇಕು" ಅಂತ ಕೇಳಿ. ಅವರು ಹೇಳಿದ್ದನ್ನ ಎರಡನೇ ವಾರ ಮಾಡಿ ತೋರಿಸಿ, ಅವರು ವಾರ್ಡ್ ಬಿಡೋ ದಿನ ಲೆಟರ್ ಕೇಳಿ. ನಾಲ್ಕು ವಾರ ಮುಗಿಯೋ ತನಕ ಕಾದರೆ ಮೊದಲಿನವರು ರಜೆ ಮೇಲೋ ಬೇರೆ ಆಸ್ಪತ್ರೆಗೋ ಹೋಗಿರ್ತಾರೆ. ಎರಡನೆಯವರೂ ಒಪ್ಪಿದ್ರೆ ತಗೊಳ್ಳಿ, ಬೇರೆ ಬೇರೆ ಲೆಟರ್ ಐಡಿ ಮಾಡಿ, ಯಾವುದನ್ನ ಯಾವ ಪ್ರೋಗ್ರಾಮ್‌ಗೆ ಅಂತ ಆಮೇಲೆ ನಿರ್ಧಾರ ಮಾಡಬಹುದು.

ಫಾರ್ಮ್‌ನಲ್ಲಿ ಲೆಟರ್ ನೋಡೋ ಹಕ್ಕು ಬಿಟ್ಟುಕೊಡ್ತೀನಿ ಅನ್ನೋದಕ್ಕೆ ಹೌದು ಅಂತ ಹಾಕಿ. ಹಾಕದಿದ್ರೆ ಓದೋರಿಗೆ ಅದು ಕಾಣುತ್ತೆ, ಮುಲಾಜಿಗೆ ಬರೆದದ್ದು ಅಂತ ಅಂದ್ಕೊಳ್ತಾರೆ.

ಯೂನಿಟ್ ಚೀಫ್ ಲೆಟರ್ ನಾಲ್ಕನೇದಾಗಿ ಖಂಡಿತ ನಡೆಯುತ್ತೆ, ವರ್ಷಪೂರ್ತಿ ನೋಡಿದವರ ಮಾತು ಅದು. ಲೆಟರ್‌ಹೆಡ್, ಸಹಿ, ತಾರೀಕು ಇರಲಿ, ಅವರದೇ ಕಾಲೇಜಿನ ಇಮೇಲ್ ಇರಲಿ. ಜೂನ್‌ನಲ್ಲಿ ನೀವು ಇಲ್ಲಿ ಇರಲ್ಲ, ಪೋರ್ಟಲ್ ಹೇಗೆ ತೆರೆಯೋದು ಅಂತ ಈಗಲೇ ಅವರ ಪಿಜಿಗಳಲ್ಲಿ ಒಬ್ಬರಿಗೆ ತೋರಿಸಿ ಹೋಗಿ.